ಕೂದಲು ಉಬ್ಬಬೇಕು, ಬಣ್ಣ ಉಳಿಯಬೇಕು

ಗಂಡಸರಿಗೆ ತಮ್ಮ ಕೂದಲಿನ ಬಗ್ಗೆ ಇರುವ ಚಿಂತೆಯನ್ನು ಈ ಲೋಕ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಹೆಂಗಸರು ಕನ್ನಡಿಯ ಮುಂದೆ ಎಷ್ಟು ಹೊತ್ತು ನಿಂತರೂ ಅದು ಅಲಂಕಾರ, ನಾವು ಒಂದು ಗಳಿಗೆ ನಿಂತರೆ "ಏನ್ ಸಾರ್, ಈ ವಯಸ್ಸಲ್ಲಿ?" ಎಂಬ ಪ್ರಶ್ನೆ. ಪೂರ್ತಿ ಬೋಳಾದವನಿಗೆ ಸಮಾಜದಲ್ಲಿ ಒಂದು ಸ್ಥಾನವಿದೆ. ಪೂರ್ತಿ ನರೆತವನಿಗೆ ಗೌರವವೂ ಇದೆ, ಬಸ್ಸಿನಲ್ಲಿ ಸೀಟೂ ಇದೆ. ನಡುವೆ ಸಿಕ್ಕಿಬಿದ್ದು ಒದ್ದಾಡುವವರು ನನ್ನಂಥವರು. ನಮಗೆ ಕೂದಲು ಇದೆ, ಆದರೆ ಹತ್ತಿಯ ಎಳೆಯಷ್ಟು ತೆಳು. ಅದು ಕಪ್ಪಗೂ ಇದೆ, ಆದರೆ ಆ ಕಪ್ಪು ಪೊಟ್ಟಣದಿಂದ ಬಂದದ್ದು. ಬಣ್ಣ ಹಾಕಿದಷ್ಟೂ ಕೂದಲು ಸೊರಗಿ ತಲೆಗೆ ಅಂಟಿಕೊಳ್ಳುತ್ತದೆ. ಅದನ್ನು ಉಬ್ಬಿಸೋಣವೆಂದು ತಿಕ್ಕಿ ತೊಳೆದರೆ ಬಣ್ಣ ನೀರಿನ ಜೊತೆ ಹೋಗುತ್ತದೆ. ಅತ್ತ ದರಿ ಇತ್ತ ಪುಲಿ ಎನ್ನುವುದು ನಮ್ಮ ತಲೆಗಳನ್ನು ನೋಡಿಯೇ ಹೇಳಿದ್ದಿರಬೇಕು.

ನಾನು ಬಣ್ಣಕ್ಕೆ ಇಳಿದದ್ದು ಜಪಾನಿಗೆ ಬಂದ ಮೇಲೆ. ಟೋಕಿಯೋದ ಮಗ್ಗುಲಲ್ಲೇ ಇರುವ ವಾಕೋ ಎಂಬ ಊರಿನ ಸಂಶೋಧನಾ ಸಂಸ್ಥೆಯಲ್ಲಿ ನನಗೆ ಕೆಲಸ. ದೊಡ್ಡ ಭೂಕಂಪವಾದ ಮರುವರ್ಷ, ಬಂಧುಗಳೆಲ್ಲ "ಅಲ್ಲಿಗೆ ಯಾಕ್ರಪ್ಪಾ ಹೋಗ್ತೀರಾ" ಎಂದು ತಡೆಯುತ್ತಿದ್ದರೂ, ನಾನು, ಹೆಂಡತಿ ಸುಮನಾ, ಕೈಗೂಸು ಅದಿತಿ ಮೂವರೂ ಬಂದಿಳಿದೆವು. ಅದಿತಿಯನ್ನು ಶಿಶುವಿಹಾರಕ್ಕೆ ಸೇರಿಸಿದ ಮೇಲೆ ಒಂದು ಸಂಜೆ ಅವಳನ್ನು ಕರೆತರಲು ನಾನು ಹೋದೆ. ಬಾಗಿಲಲ್ಲಿದ್ದ ಟೀಚರು ನನ್ನ ತಲೆ ನೋಡಿದವರೇ ಬಹಳ ಸಂತೋಷದಿಂದ ಒಳಗೆ ತಿರುಗಿ, "ಅದಿತಿ ಚಾನ್, ನಿನ್ನ ತಾತ ಬಂದಿದ್ದಾರೆ!" ಎಂದು ಕೂಗಿದರು. ಅಲ್ಲಿದ್ದ ತಾಯಂದಿರೆಲ್ಲ ನನಗೆ ಹಿರಿಯರಿಗೆ ಬಾಗುವಷ್ಟು ಬಾಗಿದರು. ನಾನೂ ಬಾಗಿದೆ, ಇನ್ನೇನು ಮಾಡಲಿ?

ಕಥೆ ಕೇಳಿ ಸುಮನಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆದರೆ ಮರುದಿನವೇ ಅಂಗಡಿಯಿಂದ ಬಣ್ಣದ ಪೊಟ್ಟಣ ತಂದಳು. ಜಪಾನಿನ ಬಚ್ಚಲುಮನೆಯಲ್ಲಿ ಕೂತು ಸ್ನಾನ ಮಾಡಲೆಂದು ಒಂದು ಗಿಡ್ಡ ಪ್ಲಾಸ್ಟಿಕ್ ಸ್ಟೂಲು ಇರುತ್ತದೆ. ಭಾನುವಾರ ನನ್ನನ್ನು ಅದರ ಮೇಲೆ ಕೂರಿಸಿ, ಕುತ್ತಿಗೆಗೆ ಹಳೆಯ ಪಂಚೆ ಸುತ್ತಿ, ಹಳೆಯ ಟೂತ್‌ಬ್ರಷ್ಷಿನಲ್ಲಿ ಬಣ್ಣ ಬಳಿಯುತ್ತಿದ್ದಳು. "ಅಲ್ಲಾಡ್ಬೇಡಿ ಅಂದ್ರೆ! ಆಮೇಲೆ ಕಿವಿ ಕಪ್ಪಾಯ್ತು ಅಂತ ನನ್ನ ಕೇಳ್ಬೇಡಿ," ಎಂದು ಗದರುವುದು, ತಲೆಯನ್ನು ಹಿಡಿದು ಬೇಕಾದ ಕಡೆ ತಿರುಗಿಸುವುದು, ನಡುನಡುವೆ ಕೆಳಗಿನ ಮನೆಯವರ ಸುದ್ದಿ, ಮೈಸೂರಿನ ತನ್ನ ಕಾಲೇಜಿನ ಸುದ್ದಿ. ಆಮೇಲೆ ತಲೆ ತೊಳೆಯುವುದೂ ಅವಳೇ. ಅವಳ ಬೆರಳುಗಳು ತಲೆಯಲ್ಲಿ ಓಡಾಡುವಾಗ ನಾನು ಬೇಕೆಂದೇ "ಇನ್ನೂ ಬಣ್ಣ ಹೋಗಿಲ್ಲ ನೋಡು" ಎನ್ನುತ್ತಿದ್ದೆ. 

ಸುಮನಾ ಮೈಸೂರಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುವವಳು. ಅವಳ ದೀರ್ಘ ರಜೆ ಮುಗಿದು, ಅದಿತಿಗೂ ಶಾಲೆಯ ವಯಸ್ಸಾದಾಗ ಇಬ್ಬರೂ ಊರಿಗೆ ಹೊರಟರು. ನನ್ನ ಕೆಲಸದ ಕರಾರು ಮುಗಿದಿರಲಿಲ್ಲವಾದ್ದರಿಂದ ನಾನು ಉಳಿದೆ. ಒಂಟಿಯಾದ ಮೇಲೆ ನನಗೆ ತಿಳಿದುಬಂದ ಮೊದಲ ಸತ್ಯವೆಂದರೆ ಮನುಷ್ಯನಿಗೆ ತನ್ನ ಹಿಂತಲೆ ಕಾಣುವುದಿಲ್ಲ. ನನ್ನ ಕೈಯಿಂದ ನಾನೇ ಬಳಿದುಕೊಂಡ ಬಣ್ಣ ಮುಂದಲೆಯನ್ನು ಕಾಗೆಯಷ್ಟು ಕಪ್ಪಾಗಿಸಿ, ಹಿಂದಕ್ಕೆ ಹೋಗುತ್ತ ಹೋಗುತ್ತ ದಾರಿ ತಪ್ಪಿತು. ರೈಲಿನಲ್ಲಿ ಎದುರಿಗಿದ್ದವರು ನನ್ನನ್ನು ಗಮನಿಸುತ್ತಲೇ ಇರಲಿಲ್ಲ. ಬೆನ್ನ ಹಿಂದಿದ್ದವರು ಮಾತ್ರ "ದಯವಿಟ್ಟು ಕೂತುಕೊಳ್ಳಿ" ಎಂದು ಏಳುತ್ತಿದ್ದರು. ನಾನು ತಿರುಗಿದ ತಕ್ಷಣ ಏಕೆ ಎದ್ದೆವೆಂದು ಅವರಿಗೇ ಗೊಂದಲವಾಗುತ್ತಿತ್ತು.

ದಿನಾ ಸಂಜೆ ವಿಡಿಯೋ ಕಾಲ್ ಇರುತ್ತಿತ್ತು. ಫೋನನ್ನು ಎತ್ತರಕ್ಕೆ ಹಿಡಿದರೆ ನೆತ್ತಿ ಕಾಣುತ್ತದೆಂದು ಎದೆಯ ಮಟ್ಟಕ್ಕೆ ಇಳಿಸಿ ಹಿಡಿಯುತ್ತಿದ್ದೆ. "ರೀ, ದಿನಾ ಮೂಗಿನ ಹೊಳ್ಳೆ ತೋರಿಸ್ತೀರಲ್ಲ, ಒಂದಿನ ಮುಖಾನೂ ತೋರ್ಸಿ," ಎಂದಳು ಸುಮನಾ. ತೋರಿಸಿದೆ. ಪಕ್ಕದಿಂದ ಇಣುಕಿದ ಅದಿತಿ, "ಅಪ್ಪಾ, ಯುವರ್ ಹೇರ್ ಈಸ್ ಪೆಚಾಂಕೋ!" ಎಂದು ಕಿರುಚಿದಳು. ಪೆಚಾಂಕೋ ಎಂದರೆ ಚಪ್ಪಟೆ. ಜಪಾನಿನ ಮಕ್ಕಳು ಗಾಳಿ ಹೋದ ಚೆಂಡಿಗೆ ಹೇಳುವ ಮಾತು. ಸುಮನಾ ನಗಲಿಲ್ಲ. "ಸೊರಗಿದೀರಾ," ಎಂದಳು ಮೆಲ್ಲಗೆ. "ಮಾರ್ಚ್‌ನಲ್ಲಿ ನಮಗೆ ರಜ ಸಿಗತ್ತೆ, ಬರ್ತೀವಿ. ಅಲ್ಲಿವರ್ಗೂ ಸರಿಯಾಗಿ ಊಟ ಮಾಡಿ." ಊಟವನ್ನು ಸರಿಯಾಗಿಯೇ ಮಾಡುತ್ತಿದ್ದೆ, ನನ್ನ ಹೊಟ್ಟೆಯೇ ಅದಕ್ಕೆ ಸಾಕ್ಷಿ. ಸೊರಗಿದ್ದು ಕೂದಲು. ಆದರೆ ಅವಳ ಧ್ವನಿಯಲ್ಲಿದ್ದ ಅಳುಕು ನನಗೆ ಚುಚ್ಚಿತು. ತಾನು ಬಿಟ್ಟುಹೋದದ್ದಕ್ಕೇ ನಾನು ಹೀಗಾದೆನೆಂದು ಅವಳು ಅಂದುಕೊಳ್ಳಬಾರದು. ಏರ್‌ಪೋರ್ಟಿನಲ್ಲಿ ನನ್ನನ್ನು ನೋಡಿದ ಕ್ಷಣ ಅವಳಿಗೆ ಸಮಾಧಾನವಾಗಬೇಕು, ತಾನು ಬಿಟ್ಟುಹೋದ ಗಂಡನೇ ಸಿಗಬೇಕು. ಮಾರ್ಚ್‌ನೊಳಗೆ ಕೂದಲು ಉಬ್ಬಬೇಕು, ಬಣ್ಣ ಉಳಿಯಬೇಕು ಎಂದು ತೀರ್ಮಾನಿಸಿದೆ.

ತ್ಸುಕುಬಾದಲ್ಲಿ ನನ್ನ ಹಾಗೇ ಸಂಶೋಧಕನಾಗಿರುವ ಗೆಳೆಯ ಶ್ರೀಕಂಠನಿಗೆ ಫೋನು ಮಾಡಿದೆ. ಅವನದು ಪೂರ್ತಿ ಬೋಳುತಲೆ, ಆದ್ದರಿಂದ ನಿಷ್ಪಕ್ಷಪಾತವಾಗಿ ಹೇಳುತ್ತಾನೆಂಬ ನಂಬಿಕೆ. "ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ನಿಂಗೆ ಜುಟ್ಟೂ ಇಲ್ವಲ್ಲೋ ಮಾರಾಯ," ಎಂದು ನಕ್ಕು, ಸೈಕಲ್ ಹೊಡೆಯುವಾಗ ಬೋಳುತಲೆಗೆ ತಗಲುವ ಗಾಳಿಯ ಸುಖವನ್ನು ವಿವರವಾಗಿ ವರ್ಣಿಸಿದ. ಅವನ ಹೆಂಡತಿ ಮನೆಯಲ್ಲೇ ಇದ್ದಳು, ಅಡುಗೆಮನೆಯಿಂದ ಏನೋ ಕೂಗಿದ್ದು ಕೇಳಿಸಿತು. ಹೆಂಡತಿ ಪಕ್ಕದಲ್ಲಿರುವವರಿಗೆ ಕೂದಲಿನ ಕಷ್ಟ ಅರ್ಥವಾಗುವುದಿಲ್ಲ ಎಂದುಕೊಂಡು ಫೋನಿಟ್ಟೆ.

ಕೊನೆಗೆ ಸ್ಟೇಷನ್ನಿನ ಪಕ್ಕದ ಸಣ್ಣ ಸಲೂನಿಗೆ ಹೋದೆ. ಒಗಾವಾ ಸಾನ್ ಎಂಬ ಮಾತುಗಾರ್ತಿ ಅದನ್ನು ನಡೆಸುತ್ತಾರೆ. ನನ್ನ ಹಿಂತಲೆಯನ್ನು ನೋಡಿ "ಓಹೋ" ಎಂದರು. ಜಪಾನಿನಲ್ಲಿ ಅದಕ್ಕಿಂತ ಕಟುವಾಗಿ ಯಾರೂ ಮಾತಾಡುವುದಿಲ್ಲ. ಬಣ್ಣವನ್ನು ಸರಿಮಾಡಿ, ಪಾಠ ಶುರುಮಾಡಿದರು. ತಲೆಗೆ ಬಿಸಿನೀರು ಕೂಡದು, ಉಗುರುಬೆಚ್ಚಗಿರಲಿ. ಬಣ್ಣ ಹಾಕಿದ ಕೂದಲಿಗೆಂದೇ ಇರುವ ಮೃದುವಾದ ಶಾಂಪೂ, ಅದೂ ದಿನ ಬಿಟ್ಟು ದಿನ. ಕಂಡೀಷನರನ್ನು ತುದಿಗೆ ಮಾತ್ರ ಹಚ್ಚಬೇಕು, ಬುಡಕ್ಕೆ ತಾಗಿದರೆ ಕೂದಲು ಮಲಗುತ್ತದೆ. ತಲೆ ಬಗ್ಗಿಸಿ, ಬೆರಳಿನಿಂದ ಬುಡವನ್ನು ಎತ್ತಿ ಹಿಡಿದು, ಬಿಸಿ ಕಡಿಮೆಯಿಟ್ಟು ಒಣಗಿಸಬೇಕು. ಬೈತಲೆಯನ್ನು ಆಗಾಗ ಬದಲಿಸಬೇಕು. ಎಣ್ಣೆ? "ಎಣ್ಣೆಯೇ!" ಎಂದು ಅವರು ಬೆಚ್ಚಿದರು. ಎಣ್ಣೆ ಹಚ್ಚಿ, ಹಬೆಯಾಡುವ ನೀರು ಹುಯ್ದುಕೊಂಡು, ಸೀಗೆಪುಡಿಯಲ್ಲಿ ತಿಕ್ಕದಿದ್ದರೆ ಅದು ಸ್ನಾನವೇ ಅಲ್ಲ ಎನ್ನುವ ವಂಶದಲ್ಲಿ ಹುಟ್ಟಿದವನು ನಾನು. ತೆಪ್ಪಗೆ ತಲೆಯಾಡಿಸಿದೆ.

ಆಮೇಲೆ ನಡೆದದ್ದೇ ನನ್ನನ್ನು ಕೆಡಿಸಿದ್ದು. ಇಲ್ಲಿಯ ಸಲೂನುಗಳಲ್ಲಿ ತಲೆ ತೊಳೆಯುವಾಗ ಕುರ್ಚಿಯನ್ನು ಹಿಂದಕ್ಕೆ ಬಾಗಿಸಿ, ಮುಖದ ಮೇಲೊಂದು ತೆಳು ಬಟ್ಟೆ ಹೊದಿಸುತ್ತಾರೆ. ಕತ್ತಲಾಗುತ್ತದೆ. ಬೆಚ್ಚನೆಯ ನೀರು, ಹತ್ತು ಬೆರಳು. ಅಷ್ಟರಲ್ಲಿ ಒಗಾವಾ ಸಾನ್ ಕೇಳಿದರು: "ತುರಿಸುವ ಜಾಗ ಎಲ್ಲಾದರೂ ಇದೆಯೇ?" ಇದನ್ನು ಅವರು ಎಲ್ಲರಿಗೂ ಕೇಳುತ್ತಾರೆ, ಎಲ್ಲರೂ "ಇಲ್ಲ, ಪರವಾಗಿಲ್ಲ" ಎನ್ನುತ್ತಾರೆ, ಅದೊಂದು ಉಪಚಾರದ ಮಾತು ಎಂದು ನನಗೆ ಆಮೇಲೆ ತಿಳಿಯಿತು. ನಾನೋ, ಎಷ್ಟೋ ತಿಂಗಳಿಂದ ಯಾರೂ ನನ್ನ ತಲೆಯ ಯೋಗಕ್ಷೇಮ ಕೇಳದಿದ್ದವನು. ಎಡಗಿವಿಯ ಮೇಲೆ, ನೆತ್ತಿಯ ಸ್ವಲ್ಪ ಹಿಂದೆ, ಕುತ್ತಿಗೆಯ ಬುಡದಲ್ಲಿ, ಆಮೇಲೆ ಮತ್ತೆ ಎಡಗಿವಿಯ ಮೇಲೆ ಎಂದು ಪ್ರಾಮಾಣಿಕವಾಗಿ ಒಪ್ಪಿಸಿದೆ. ಬೆರಳುಗಳು ಒಂದು ಕ್ಷಣ ನಿಂತವು. ಬಹುಶಃ ಅವರ ಜೀವಮಾನದಲ್ಲಿ ಆ ಪ್ರಶ್ನೆಗೆ ಸಿಕ್ಕ ಮೊದಲ ಉತ್ತರ. ಆಮೇಲೆ ಅವು ಹೇಳಿದ ಜಾಗಕ್ಕೆಲ್ಲ ಹೋಗಿ ಬಂದವು. ಬಟ್ಟೆಯ ಕೆಳಗೆ ನನ್ನ ಕಣ್ಣು ತುಂಬಿತು. ಹಾಗೆ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ತುಂಬಿದ್ದು ನಿಜ.

ಮರುವಾರ ಮತ್ತೆ ಹೋದೆ. ಆಮೇಲೆ ವಾರದ ನಡುವೆಯೂ ಹೋಗತೊಡಗಿದೆ. ಕತ್ತರಿಸಲು ಏನೂ ಇರಲಿಲ್ಲ, "ಬರೀ ಶಾಂಪೂ ಸಾಕು" ಎನ್ನುತ್ತಿದ್ದೆ. ಒಮ್ಮೆ ಹಾಗೆ ಮಲಗಿದ್ದಾಗ ಭೂಮಿ ನಡುಗಿತು. ದೊಡ್ಡದೇನಲ್ಲ, ಕಪಾಟಿನ ಬಾಟಲಿಗಳು ಕಿಣಿಕಿಣಿ ಎಂದವು ಅಷ್ಟೇ. ಮನೆಯಲ್ಲಿ ಹೀಗೆ ನಡುಗಿದಾಗಲೆಲ್ಲ ಸುಮನಾ ಒಂದು ಕೈಯನ್ನು ಮಗಳ ತಲೆಯ ಮೇಲೂ ಇನ್ನೊಂದನ್ನು ನನ್ನ ತಲೆಯ ಮೇಲೂ ಇಟ್ಟು, ನಿಲ್ಲುವವರೆಗೆ ಉಸಿರು ಬಿಗಿಹಿಡಿದು ಕೂತಿರುತ್ತಿದ್ದಳು. ಒಗಾವಾ ಸಾನ್ ಕೂಡ ಕೈ ತೆಗೆಯಲಿಲ್ಲ. ನೊರೆ ತುಂಬಿದ ಕೈಯಿಂದ ತಲೆಯನ್ನು ಒತ್ತಿ ಹಿಡಿದು, "ದೈಜೋಬು, ಏನೂ ಆಗುವುದಿಲ್ಲ," ಎಂದರು. ನಡುಕ ನಿಂತಿತು. ಇನ್ನೂ ಸ್ವಲ್ಪ ನಡುಗಬಾರದಿತ್ತೇ ಎನಿಸಿತು. ಭೂಕಂಪ ಬೇಡಿಕೊಂಡ ಪಾಪಿ ಈ ದೇಶದಲ್ಲಿ ನಾನೊಬ್ಬನೇ ಇರಬೇಕು.

ಇಷ್ಟು ತೊಳೆದ ಮೇಲೆ ಬಣ್ಣ ಉಳಿಯುತ್ತದೆಯೇ? ಕಪ್ಪು ಹೋಗಿ ಕಂದಾಯಿತು, ಕಂದು ಹೋಗಿ ತುಕ್ಕಿನ ಬಣ್ಣವಾಯಿತು. ಒಗಾವಾ ಸಾನ್ ಬಹಳ ಹೊತ್ತು ಹವೆಯ ಬಗ್ಗೆ ಮಾತಾಡಿ, ಆಮೇಲೆ ಹೇಳಿದರು: "ಮೂರ್ತಿ ಸಾನ್, ಕ್ಷಮಿಸಿ. ನೀವು ಬರುವುದು ನನಗೆ ಸಂತೋಷವೇ. ಆದರೆ ಹೀಗೆ ಬರುತ್ತಿದ್ದರೆ ಬಣ್ಣ ನಿಲ್ಲುವುದಿಲ್ಲ." ಏಕೆ ಬರುತ್ತೀರೆಂದು ಅವರು ಕೇಳಲಿಲ್ಲ. ಕೇಳಿದ್ದರೆ ಹೇಳುವಷ್ಟು ಜಪಾನಿ ಭಾಷೆಯೂ ನನಗೆ ಬರುತ್ತಿರಲಿಲ್ಲ. "ಮಾರ್ಚ್‌ನಲ್ಲಿ ಹೆಂಡತಿ ಬರುತ್ತಾಳೆ," ಎಂದೆ. ಅವರು ಹೊಸದಾಗಿ ಬಣ್ಣ ಹಾಕಿ, ಹಣ ತೆಗೆದುಕೊಂಡು, ಹೆಂಡತಿ ಬರುವವರೆಗೆ ಈ ಕಡೆ ತಲೆ ಹಾಕಬೇಡಿ ಎಂಬ ಅರ್ಥ ಬರುವಷ್ಟು ಆಳವಾಗಿ ಬಾಗಿ ಬೀಳ್ಕೊಟ್ಟರು.

ಅಂದಿನಿಂದ ನನ್ನದು ಕಠಿಣ ವ್ರತ. ಉಗುರುಬೆಚ್ಚನೆಯ ನೀರಿನಲ್ಲಿ ಚಳಿಗೆ ಹಲ್ಲು ಕಡಿಯುತ್ತ ತಲೆ ತೊಳೆದೆ. ತುದಿಗೆ ಕಂಡೀಷನರ್, ಬುಡಕ್ಕೆ ಗಾಳಿ. ಮಲಗುವಾಗ ಕೂದಲು ನಜ್ಜಾಗದಿರಲೆಂದು ರೇಷ್ಮೆ ಬಟ್ಟೆ ಹೊದಿಸಿದ ದಿಂಬು. ಗಾಳಿ ಬೀಸುವ ದಿನ ಆಫೀಸಿಗೆ ಗೋಡೆಯ ಬದಿಯಿಂದ ನಡಿಗೆ. ಕೂದಲು ನಿಜವಾಗಿಯೂ ಎದ್ದಿತು. ಸುಮನಾ, ಅದಿತಿ ಬರುವ ದಿನ ಬೆಳಿಗ್ಗೆ ಕನ್ನಡಿ ನೋಡಿದರೆ, ಮದುವೆಯ ಫೋಟೋದಲ್ಲಿರುವ ವರನ ತಲೆ, ಕೆಳಗೆ ಮಾತ್ರ ಬೇರೆ ಮುಖ.

ನರಿತಾ ಏರ್‌ಪೋರ್ಟಿನಲ್ಲಿ ಅದಿತಿಯೇ ಮೊದಲು ಓಡಿಬಂದಳು. "ಅಪ್ಪಾ! ಯು ಲುಕ್ ಲೈಕ್ ದಿ ನ್ಯೂಸ್ ಅಂಕಲ್!" ಹಿಂದೆ ಟ್ರಾಲಿ ತಳ್ಳುತ್ತ ಸುಮನಾ ಬಂದಳು. ಕಣ್ಣಿನ ಕೆಳಗೆ ಕಪ್ಪಾಗಿತ್ತು, ರಾತ್ರಿಯೆಲ್ಲ ವಿಮಾನದಲ್ಲಿ ನಿದ್ದೆ ಮಾಡಿರಲಿಲ್ಲವೆಂದು ಕಾಣುತ್ತದೆ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಮುಖ ಅರಳಿತು. "ಅಯ್ಯೋ, ಎಷ್ಟ್ ಚೆನ್ನಾಗಾಗಿದೆ ರೀ ಕೂದ್ಲು! ನಾನು ಏನೇನೋ ಅಂದ್ಕೊಂಡಿದ್ದೆ," ಎನ್ನುತ್ತ ಟ್ರಾಲಿ ಬಿಟ್ಟು, ಕೈಯೆತ್ತಿ ನನ್ನ ತಲೆಯತ್ತ ತಂದಳು.

"ಏಯ್, ಮುಟ್ಬೇಡ ಮುಟ್ಬೇಡ! ಕೂತ್ಬಿಡತ್ತೆ!" ಎಂದು ನಾನು ಎರಡು ಹೆಜ್ಜೆ ಹಿಂದಕ್ಕೆ ಹಾರಿದೆ.

ಕೈ ಗಾಳಿಯಲ್ಲೇ ನಿಂತಿತು. ಆಮೇಲೆ ಕೆಳಗಿಳಿದು ಅದಿತಿಯ ಕೋಟಿನ ಗುಂಡಿ ಹಾಕಿತು. "ಸರಿ ಬಿಡಿ, ಮುಟ್ಟಲ್ಲ," ಎಂದಳು ಸುಮನಾ, ನಗುತ್ತಲೇ.

ವಾಕೋಗೆ ಹೋಗುವ ಬಸ್ಸಿನಲ್ಲಿ ಅದಿತಿ ಓಡಿಹೋಗಿ ಮುಂದಿನ ಕಿಟಕಿ ಹಿಡಿದಳು. ನಾವಿಬ್ಬರೂ ಅವಳ ಹಿಂದೆ ಕುಳಿತೆವು. ಬಸ್ಸು ಹೊರಟ ಮೇಲೆ ನಾನು ನನ್ನ ತಲೆಯನ್ನು ಸೀಟಿಗೆ ಚೆನ್ನಾಗಿ ಉಜ್ಜಿ, ಎರಡೂ ಕೈಯಿಂದ ಒತ್ತಿ, ಉಬ್ಬನ್ನೆಲ್ಲ ಪೆಚಾಂಕೋ ಮಾಡಿ, ಸುಮನಾಳ ಕೈಗೆ ಎಟಕುವಂತೆ ಆ ಕಡೆಗೆ ಬಾಗಿಸಿದೆ. ಏನೂ ಆಗಲಿಲ್ಲ. ಓರೆಗಣ್ಣಿನಿಂದ ನೋಡಿದರೆ, ಅವಳು ಕೈ ಕಟ್ಟಿಕೊಂಡು ಆಗಲೇ ಗಾಢ ನಿದ್ದೆಯಲ್ಲಿದ್ದಳು. ಯಾವುದಕ್ಕೂ ಇರಲಿ ಎಂದು ಊರು ಬರುವವರೆಗೂ ಹಾಗೆಯೇ ಕುಳಿತಿದ್ದೆ. ಇಳಿಯುವ ಹೊತ್ತಿಗೆ ಕುತ್ತಿಗೆ ಹಿಡಿದುಕೊಂಡಿತ್ತು.