ಗುತ್ತೂರಿನ ಬಾಂಬ್ ಗುಂಡಿ

“ಗಾಡಿ ಬಂತೇನು ನೋಡ್ರಿ” ಎಂಬುದು ಸುಂಕಲಮ್ಮ ಗಂಡನಿಗೆ ಆಡಿದ ಕೊನೆಯ ಮಾತು. ಗಾಡಿ ಎಂದರೆ ಆಂಬುಲೆನ್ಸ್. ಅದು ಬಂದಿತ್ತು. ಗುತ್ತೂರಿನ ಆ ಓಣಿಯ ಬಾಯಲ್ಲಿ ಪೈಪಿಗೆಂದು ತೋಡಿ ಬಿಟ್ಟಿದ್ದ ಗುಂಡಿಯ ಆಚೆ ನಿಂತಿತ್ತು. ಉಚ್ಚೆಂಗಪ್ಪ ಹೆಂಡತಿಯನ್ನು ಹೊತ್ತು ಗುಂಡಿ ಇಳಿದು ಹತ್ತುವಷ್ಟರಲ್ಲಿ ಅವಸರ ಮುಗಿದಿತ್ತು.

ತಿಥಿ ಮುಗಿಸಿ ಅವನು ಸಂಬಂಧಪಟ್ಟ ಕಚೇರಿಗೆ ಮೂರು ಸಲ ಹೋದ. ಪಕ್ಕದ ಮನೆ ನೀಲಕ್ಕನ ಸೊಸೆಗೆ ತಿಂಗಳು ತುಂಬಿತ್ತು. ಅವಳ ಹೆರಿಗೆಯೊಳಗೆ ಗುಂಡಿ ಮುಚ್ಚಬೇಕು, ಅರ್ಜಿ ಅಷ್ಟೇ.

ಅಧಿಕಾರಿ ವಾಮದೇವಪ್ಪನವರು ನಿಯಮ ತಿಳಿಸಿದರು. “ಟಿವಿಯಾಗೆ ಬಂದ ಗುಂಡಿ ತಕ್ಷಣ ಮುಚ್ಚಬೇಕು ಅಂತ ಆದೇಶ ಐತೆ. ಬರದೇ ಇದ್ದಿದ್ದಕ್ಕೆ ಆದೇಶ ಇಲ್ಲ.”

ಉಚ್ಚೆಂಗಪ್ಪ ದಾವಣಗೆರೆ ಬಸ್ಸು ಹತ್ತಿದ. ದೇವರಾಜ ಅರಸು ಬಡಾವಣೆಯ ಮಹಡಿಯೊಂದರಲ್ಲಿ ‘ಸಮರ ವಾಹಿನಿ’ ಇತ್ತು. ಅದರ ಯುದ್ಧ ವರದಿಗಾರ ಕರಿಬಸವರಾಜ ಅವನನ್ನು ಕೂರಿಸಿ ನೀರು ಕೊಟ್ಟ. ಎರಡು ವರ್ಷದಲ್ಲಿ ಮೂರು ದೇಶಗಳ ಯುದ್ಧ ವರದಿ ಮಾಡಿದವನು; ರಾಣೆಬೆನ್ನೂರು ದಾಟಿರಲಿಲ್ಲ.

“ಗುಂಡಿ ಸುದ್ದಿ ಯಾರು ನೋಡ್ತಾರೆ ಯಜಮಾನ್ರೆ? ಎಷ್ಟು ಆಳ ಐತೆ?”

“ನನ್ನ ಎದೆಮಟ್ಟ ಐತ್ರಿ.”

“ಸುತ್ತ ಮಣ್ಣು?”

“ಗುಡ್ಡೆ ಬಿದ್ದೈತೆ.”

ವರದಿಗಾರನ ಮುಖ ಅರಳಿತು. “ಬಾಂಬ್ ಬಿದ್ದಂಗೇ ಐತೆ ಬಿಡ್ರಿ. ನಾಳೆ ಬರ್ತೀನಿ.”

ಬಂದ. ಬೈಕಿನ ಹೆಲ್ಮೆಟ್ ಹಾಕಿಕೊಂಡು ಗುಂಡಿಗಿಳಿದು, ಆಗಾಗ ತಲೆ ತಗ್ಗಿಸುತ್ತ ವರದಿ ಮಾಡಿದ. ನೀಲಕ್ಕನಿಗೆ ಸೆರಗು ಹೊದ್ದು ಅಳಲು ಹೇಳಿದ. ಉಚ್ಚೆಂಗಪ್ಪನ ಮುಂದೆ ಮೈಕು ಹಿಡಿದಾಗ ಅವನು, “ನನ್ನ ಹೆಂಡ್ತಿ ಈ ಗುಂಡಿಯಿಂದ ಸತ್ಲು” ಎಂದ. ವಾಹಿನಿಯವರು ಆ ಮಾತನ್ನು ಕತ್ತರಿಸಲಿಲ್ಲ. ಕೆಳಗೆ ‘ವಾಯುದಾಳಿ ಸಂತ್ರಸ್ತ’ ಎಂದು ಹಾಕಿದರು, ಅಷ್ಟೇ.

ಮರುದಿನ ಅವನು ಕಚೇರಿಗೆ ಹೋದ. ವಾಮದೇವಪ್ಪನವರು ಎದ್ದು ನಿಂತು ಕೈಹಿಡಿದರು.

“ನೋಡಿದ್ವಿ. ನಮ್ಮ ಮನ್ಯಾಗೆ ಎಲ್ರೂ ಅತ್ತುಬಿಟ್ರು. ಆದ್ರೆ ಅದೀಗ ಹೊರದೇಶದ ಗುಂಡಿ ಆತಲ್ಲ? ನಮ್ಮ ವ್ಯಾಪ್ತಿಗೆ ಬರಂಗಿಲ್ಲ.”

“ಸಾಹೇಬ್ರೆ, ನಿಮ್ಮ ಕಿಟಕಿಯಾಗಿಂದ ಕಾಣ್ತೈತಲ್ರಿ.”

“ಕಾಣೋದು ಬ್ಯಾರೆ, ವ್ಯಾಪ್ತಿ ಬ್ಯಾರೆ. ಕದನವಿರಾಮ ಆಗ್ಲಿ, ನೋಡೋಣ.”

ಅವನು ಮನೆಗೆ ಬಂದು ಸಲಿಕೆ ತೆಗೆದುಕೊಂಡ. ಮಧ್ಯಾಹ್ನಕ್ಕೆಲ್ಲ ಗುಂಡಿ ಅರ್ಧ ತುಂಬಿತು. ಸಂಜೆಗೆ ನೋಟಿಸು ಬಂತು:

“ಯುದ್ಧ ಜಾರಿಯಲ್ಲಿರುವ ಸ್ಥಳದಲ್ಲಿ ತಾವು ಪೂರ್ವಾನುಮತಿ ಇಲ್ಲದೆ ಶಾಂತಿ ಸ್ಥಾಪಿಸಲು ಯತ್ನಿಸಿರುವುದು ಗಮನಕ್ಕೆ ಬಂದಿರುತ್ತದೆ. ಸದರಿ ಗುಂಡಿಯನ್ನು ಇಪ್ಪತ್ತನಾಲ್ಕು ಗಂಟೆಯೊಳಗೆ ಯಥಾಸ್ಥಿತಿಗೆ ತರತಕ್ಕದ್ದು. ತಪ್ಪಿದಲ್ಲಿ ತಮ್ಮನ್ನು ಯುದ್ಧದಲ್ಲಿ ಭಾಗಿ ಎಂದು ಪರಿಗಣಿಸಲಾಗುವುದು.”

ಉಚ್ಚೆಂಗಪ್ಪ ಎರಡು ಸಲ ಓದಿಸಿಕೊಂಡು ಹೆಬ್ಬೆಟ್ಟು ಒತ್ತಿದ.

ಮಾರನೆಯ ಬೆಳಿಗ್ಗೆ ಎದ್ದು, ಹಾಕಿದ ಮಣ್ಣನ್ನೆಲ್ಲ ತೆಗೆಯತೊಡಗಿದ. ನೀಲಕ್ಕ ಟೀ ತಂದು ದಂಡೆ ಮೇಲಿಟ್ಟು ಬಗ್ಗಿ ನೋಡಿದಳು. ಅವಳ ಸೊಸೆ ಸೊಂಟಕ್ಕೆ ಕೈಕೊಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು.

“ಇನ್ನೊಂದೀಟು ಆಳ ತೆಗಿಯಣ್ಣ,” ಎಂದಳು ನೀಲಕ್ಕ. “ಮೊನ್ನೆ ಟಿವಿಯಾಗೆ ಸರಿಯಾಗಿ ಕಾಣಲೇ ಇಲ್ಲ.”

ಉಚ್ಚೆಂಗಪ್ಪ ಟೀ ಕುಡಿದು, ಇನ್ನೊಂದು ಮೊಳ ತೋಡಿದ.