ಭದ್ರಾವತಿಯಲ್ಲಿ ನಿಲ್ಲದ ಗಾಡಿ

ಮೈಕು ಕೈಗೆ ಸಿಕ್ಕರೆ ಬೇಡ ಎನ್ನಲಾಗದವರ ಪಂಗಡಕ್ಕೆ ಸೇರಿದವನು ನಾನು. ಇದು ಚಟ ಎಂದು ನನಗೂ ಗೊತ್ತು. ಆದರೆ ಭದ್ರಾವತಿಯ ಕಾಲೇಜೊಂದರಲ್ಲಿ ಇಪ್ಪತ್ತಾರು ವರ್ಷಗಳಿಂದ ಅರ್ಥಶಾಸ್ತ್ರ ಹೇಳುತ್ತಾ ಬಂದವನ ಕಷ್ಟವನ್ನು ನೀವೂ ಸ್ವಲ್ಪ ಅರ್ಥ ಮಾಡಿಕೊಳ್ಳಬೇಕು. ಕೇಳುವುದು ಕಡ್ಡಾಯವಾಗಿರುವ ಜನರ ಮುಂದೆ ಮಾತಾಡಿ ಮಾತಾಡಿ, ತಾವಾಗಿಯೇ ಬಂದು ಕೇಳುವವರು ಸಿಕ್ಕರೆ ಸಾಕು ಎನ್ನುವ ಸ್ಥಿತಿಗೆ ಮನುಷ್ಯ ತಲುಪಿಬಿಡುತ್ತಾನೆ. ಹಾಗಾಗಿ ಭದ್ರಾವತಿಯ ಓಲ್ಡ್ ಟೌನಿನ ಹಿರಿಯರ ಬಳಗದವರು ಒಂದು ಭಾನುವಾರ ಉಪನ್ಯಾಸಕ್ಕೆ ಕರೆದಾಗ ವಿಷಯ ಕೇಳುವ ಮೊದಲೇ ಒಪ್ಪಿಕೊಂಡೆ. ವಿಷಯವನ್ನು ನಾನೇ ಆರಿಸಿಕೊಳ್ಳಬೇಕಂತೆ. ‘ಕೆಲವು ದೇಶಗಳಲ್ಲಿ ಅತಿವೇಗದ ರೈಲು ಏಕೆ ಬೇರೂರುವುದಿಲ್ಲ?’ ಎಂದು ಆರಿಸಿಕೊಂಡೆ. ಶಿವಮೊಗ್ಗದ ದುರ್ಗಿಗುಡಿಯ ಮನೆಯಿಂದ ಕಾಲೇಜಿಗೆ ದಿನಾ ರೈಲಿನಲ್ಲಿ ಓಡಾಡುವ ನನಗೆ ಈ ಬಗ್ಗೆ ಮಾತಾಡುವ ಹಕ್ಕು ಬೇರೆಯವರಿಗಿಂತ ಒಂದು ತೂಕ ಹೆಚ್ಚೇ ಇದೆ ಎಂದು ನನ್ನ ಭಾವನೆ.

ಉಪನ್ಯಾಸ ಚೆನ್ನಾಗಿತ್ತು. ನಾನೇ ಹೇಳಬೇಕಾಗಿ ಬಂದದ್ದಕ್ಕೆ ಬೇಸರವಿದೆ, ಆದರೆ ಬೇರೆ ಯಾರೂ ಹೇಳಲಿಲ್ಲ. ವೇಗದ ಗಾಡಿಗೆ ನೆಟ್ಟಗಿನ ಹಳಿ ಬೇಕು, ನೆಟ್ಟಗಿನ ಹಳಿಗೆ ಸಾವಿರಾರು ಜನರ ಜಮೀನು ಬೇಕು ಎಂದು ವಿವರಿಸಿದೆ. ಉದಾಹರಣೆಗೆ ಸವಳಂಗ ರಸ್ತೆಯಲ್ಲಿ ಅಂಗಡಿ ಇಟ್ಟಿರುವ ನನ್ನ ಗೆಳೆಯನನ್ನು ತೆಗೆದುಕೊಂಡೆ. ಚರಂಡಿ ತೆಗೆಯಲು ಬಂದವರಿಗೆ ಆತ ಅಂಗಡಿಯ ಮೂರು ಮೆಟ್ಟಿಲಲ್ಲಿ ಒಂದನ್ನೂ ಬಿಟ್ಟುಕೊಡಲಿಲ್ಲ, ಕೊನೆಗೆ ಚರಂಡಿಯೇ ಆತನನ್ನು ಸುತ್ತು ಹಾಕಿಕೊಂಡು ಹೋಯಿತು. ಚರಂಡಿ ಹಾಗೆ ಬಾಗಬಹುದು, ವೇಗದ ರೈಲು ಬಾಗಲಾರದು ಎಂದೆ. ಹಾಕಿದ ಬಂಡವಾಳ ಬರಬೇಕಾದರೆ ಎರಡು ದೊಡ್ಡ ಊರುಗಳ ನಡುವೆ ಗಾಡಿ ಸದಾ ತುಂಬಿರಬೇಕು, ಇಳಿದ ಮೇಲೆ ಮನೆ ಮುಟ್ಟಲು ಆಟೋದವರ ಜೊತೆ ಅರ್ಧ ಗಂಟೆ ಜಗಳವಾಡಬೇಕಾದ ಊರುಗಳಲ್ಲಿ ಉಳಿಸಿದ ಸಮಯವೆಲ್ಲ ಅಲ್ಲೇ ಖರ್ಚಾಗುತ್ತದೆ ಎಂದೂ ಹೇಳಿದೆ. ಕೊನೆಯಲ್ಲಿ ‘ಪ್ರಶ್ನೆಗಳಿದ್ದರೆ ಕೇಳಬಹುದು’ ಎಂದಾಗ, ಮುಂದಿನ ಸಾಲಿನಲ್ಲಿದ್ದ ರುದ್ರಪ್ಪನವರು ಎದ್ದು ನಿಂತರು. ಕಾರ್ಖಾನೆಯಿಂದ ನಿವೃತ್ತರಾದವರು, ಬಳಗದ ಕಾರ್ಯದರ್ಶಿ.

“ಎಲ್ಲಾ ಸರಿ ಸಾರ್. ಶಿವಮೊಗ್ಗದಿಂದ ಬೆಂಗಳೂರಿಗೆ ಬೆಳಿಗ್ಗೆ ಹೊಸ ಗಾಡಿ ಬಿಟ್ಟಿದಾರಲ್ಲ, ಅದು ಭದ್ರಾವತೀಲಿ ಯಾಕೆ ನಿಲ್ಲಲ್ಲ?”

ಇಡೀ ಸಭೆ ಚಪ್ಪಾಳೆ ತಟ್ಟಿತು. ನನ್ನ ಒಂದು ಗಂಟೆಯ ಮಾತಿಗೆ ಬರದ ಚಪ್ಪಾಳೆ. ನನಗೆ ಕೋಪ ಬಂತು ಎಂದು ಒಪ್ಪಿಕೊಳ್ಳುತ್ತೇನೆ. ವೇಗದ ರೈಲು ಬೇರೂರದಿರಲು ಇದೇ ಐದನೆಯ ಮತ್ತು ಮುಖ್ಯ ಕಾರಣ ಎಂದೆ. ಗಾಡಿ ವೇಗವಾಗಿ ಹೋಗಬೇಕು, ಆದರೆ ನಮ್ಮೂರಲ್ಲಿ ನಿಲ್ಲಬೇಕು ಎಂದು ಪ್ರತಿ ಊರೂ ಹಟ ಹಿಡಿದರೆ ಅದು ಎಲ್ಲ ಊರಲ್ಲೂ ನಿಂತು ನಿಂತು ಹೋಗುವ ಪ್ಯಾಸೆಂಜರೇ ಆಗುತ್ತದೆ, ಭದ್ರಾವತಿಯವರು ದೇಶಕ್ಕಾಗಿ ಸ್ವಲ್ಪ ತ್ಯಾಗ ಮಾಡಬೇಕು ಎಂದುಬಿಟ್ಟೆ. ಆಮೇಲೆ ಕೊಟ್ಟ ಶಾಲು ಎಂದಿನದಕ್ಕಿಂತ ತೆಳ್ಳಗಿತ್ತು.

ತ್ಯಾಗ ನನ್ನ ಮನೆಯಿಂದಲೇ ಶುರುವಾಗಿತ್ತು ಎನ್ನುವುದು ಸಭೆಗೆ ಗೊತ್ತಿರಲಿಲ್ಲ. ನನ್ನ ಹೆಂಡತಿ ಸುಮಂಗಳಳ ಅಕ್ಕ ಪಾರ್ವತಕ್ಕ ಇರುವುದು ಅದೇ ಓಲ್ಡ್ ಟೌನಿನಲ್ಲಿ. ಅವರಿಗೆ ಕಣ್ಣಿನ ತೊಂದರೆ, ತಿಂಗಳಿಗೊಮ್ಮೆ ಬೆಂಗಳೂರಿಗೆ ಹೋಗಿ ಕಣ್ಣಿಗೆ ಇಂಜೆಕ್ಷನ್ ಹಾಕಿಸಿಕೊಳ್ಳಬೇಕು. ಅಲ್ಲಿ ಮಗಳು ಸ್ಟೇಷನ್ನಿಗೆ ಬಂದು ಕರೆದುಕೊಂಡು ಹೋಗುತ್ತಾಳೆ. ಹೊಸ ಗಾಡಿಯಲ್ಲಿ ಹೋದರೆ ಡಾಕ್ಟರ ಹೊತ್ತಿಗೆ ಸರಿಯಾಗುತ್ತದೆ. ಆದರೆ ಅದನ್ನು ಹಿಡಿಯಲು ಅವರು ಹಿಂದಿನ ಸಂಜೆಯೇ ಬೆಂಗಳೂರಿಗೆ ಬೆನ್ನು ಹಾಕಿ ಶಿವಮೊಗ್ಗಕ್ಕೆ ಬರಬೇಕು, ನಮ್ಮಲ್ಲಿ ಮಲಗಬೇಕು, ಬೆಳಿಗ್ಗೆ ಗಾಡಿ ಹತ್ತಿ ತಮ್ಮ ಊರನ್ನು ತಾವೇ ಕಿಟಕಿಯಿಂದ ನೋಡಿಕೊಂಡು ಹೋಗಬೇಕು. ಆ ರಾತ್ರಿ ಅಕ್ಕತಂಗಿಯರಿಗೆ ಕೋಣೆ, ನನಗೆ ನಡುಮನೆಯ ಚಾಪೆ. ನಾಲ್ಕೂವರೆಗೆ ಎದ್ದು ಸ್ಟೇಷನ್ನಿಗೆ ಬಿಟ್ಟು ಬರುವುದೂ ನಾನೇ. ಸೊಂಟ ಹಿಡಿದುಕೊಂಡಿದೆ ಎಂದು ಗೊಣಗಿದರೆ ಸುಮಂಗಳ, “ನೀವೇ ಅಲ್ವೇನ್ರೀ ನಿಲ್ಲಿಸ್ಬೇಡಿ ಅಂತ ಭಾಷಣ ಮಾಡಿದ್ದು? ದೇಶಕ್ಕೋಸ್ಕರ ಮಲ್ಕೊಳಿ” ಎನ್ನುತ್ತಾಳೆ.

ಇನ್ನು ನಮ್ಮ ಬೀಳ್ಕೊಡುಗೆಯ ಪದ್ಧತಿಯ ಬಗ್ಗೆ ಎರಡು ಮಾತು. ನಮ್ಮಲ್ಲಿ ಯಾರನ್ನಾದರೂ ರೈಲು ಹತ್ತಿಸುವುದೆಂದರೆ ಅವರ ಜೊತೆ ನಾವೂ ಹತ್ತುವುದು. ಬ್ಯಾಗನ್ನು ಮೇಲಿಟ್ಟು, ಸೀಟನ್ನು ಕೈಯಿಂದ ಒರೆಸಿ, ಪಕ್ಕದವರಿಗೆ ‘ಸ್ವಲ್ಪ ನೋಡ್ಕೊಳಿ’ ಎಂದು ಒಪ್ಪಿಸಿ, ಗಾಡಿ ಅಲುಗಾಡಿದ ಮೇಲೆ ಇಳಿದು, ಕಿಟಕಿಯ ಜೊತೆ ನಾಲ್ಕು ಹೆಜ್ಜೆ ನಡೆದರೇನೇ ಕಳಿಸಿಕೊಟ್ಟ ಹಾಗೆ. ಪ್ಲಾಟ್‌ಫಾರಮ್ಮಿನಲ್ಲೇ ನಿಂತು ಟಾಟಾ ಮಾಡುವವನನ್ನು ನೆಂಟ ಎಂದು ಯಾರೂ ಒಪ್ಪುವುದಿಲ್ಲ. ಹೊಸ ಗಾಡಿಯ ಬಾಗಿಲುಗಳು ತಾವಾಗಿ ಮುಚ್ಚಿಕೊಳ್ಳುತ್ತವೆ ಎಂಬುದು ನನಗೆ ಗೊತ್ತಿತ್ತು. ಉಪನ್ಯಾಸದಲ್ಲಿ ಅದನ್ನು ಹೊಗಳಿಯೂ ಇದ್ದೆ. ಆದರೆ ಹೋದ ತಿಂಗಳು ಬ್ಯಾಗು ಮೇಲಿಟ್ಟು ಇಳಿಯಲು ತಿರುಗಿದಾಗ ಪಾರ್ವತಕ್ಕ, “ಮೇಷ್ಟ್ರೇ, ನನ್ನ ಕಣ್ಣಿನ ಚೀಟಿ ಯಾವ ಬ್ಯಾಗಲ್ಲಿಟ್ರಿ?” ಎಂದರು. ಹುಡುಕಿ ಕೊಟ್ಟೆ. ಇನ್ನೇನು ಹೊರಡಬೇಕು, “ಸುಮಿಗೆ ಹೇಳಿ, ನೆನೆಸಿಟ್ಟ ಕಾಳು ಹಾಗೇ ಇದೆ ಅಂತ” ಎಂದರು. ‘ಹೇಳ್ತೀನಿ, ಬರ್ತೀನಿ’ ಎಂದೆ. ಬಾಗಿಲು ಮುಚ್ಚಿತು. ನಾನು ಬಾಗಿಲನ್ನು ತಟ್ಟಿದೆ. ಇಪ್ಪತ್ತಾರು ವರ್ಷದ ಅನುಭವದಲ್ಲಿ ಯಾವ ಬಾಗಿಲೂ ನನ್ನ ಮಾತನ್ನು ಇಷ್ಟು ಅಲಕ್ಷಿಸಿರಲಿಲ್ಲ.

ಹವಾಯಿ ಚಪ್ಪಲಿ, ಪಂಚೆ, ಮೇಲೊಂದು ಸ್ವೆಟರ್, ಜೇಬಿನಲ್ಲಿ ಸ್ಕೂಟರಿನ ಕೀಲಿಕೈ. ಪಾರ್ವತಕ್ಕ ಪಕ್ಕಕ್ಕೆ ಸರಿದು ಜಾಗ ಕೊಟ್ಟರು. “ಹೋಗ್ಲಿ ಬಿಡಿ, ಭದ್ರಾವತೀಲಿ ಇಳ್ಕೊಂಡು ಕಾಲೇಜಿಗೆ ಹೋಗಿ” ಎಂದರು. ಗಾಡಿ ಅಲ್ಲಿ ನಿಲ್ಲುವುದಿಲ್ಲವೆಂದು ಆಮೇಲೆ ಅವರಿಗೇ ನೆನಪಾಯಿತು. ಅವರು ಸಭೆಗೆ ಬಂದಿರದಿದ್ದರೂ ನನ್ನ ಭಾಷಣದ ಸುದ್ದಿ ಓಲ್ಡ್ ಟೌನಿನಲ್ಲಿ ಯಾರಿಗೂ ಹೊಸದಲ್ಲ. ಭದ್ರಾವತಿ ಸ್ಟೇಷನ್ ಬಂತು, ಹೋಯಿತು. ರುದ್ರಪ್ಪನವರು ಪ್ರತಿದಿನ ಪ್ಲಾಟ್‌ಫಾರಮ್ಮಿನಲ್ಲೇ ವಾಕಿಂಗ್ ಮಾಡುತ್ತಾರೆ, ಆ ಗಾಡಿ ನಿಲ್ಲದಿರುವುದನ್ನು ಸ್ವತಃ ನೋಡಿದರೇ ಅವರಿಗೆ ಸಮಾಧಾನ. ಬಾಗಿಲಿನ ಗಾಜಿಗೆ ಮುಖ ಒತ್ತಿಕೊಂಡು ನಿಂತಿದ್ದ ನನ್ನನ್ನು ಅವರು ಸ್ಪಷ್ಟವಾಗಿ ನೋಡಿದರು. ಟಿಕೆಟ್ ಕೇಳಲು ಬಂದವರಿಗೆ ದಂಡ ಕಟ್ಟಿ, ಬೀರೂರಿನಲ್ಲಿ ಇಳಿದು, ಪಂಚೆಯಲ್ಲೇ ಕಾದು, ಸಿಕ್ಕ ಪ್ಯಾಸೆಂಜರ್ ಹಿಡಿದು ಭದ್ರಾವತಿಗೆ ಬರುವಷ್ಟರಲ್ಲಿ ನನ್ನ ಎರಡು ತರಗತಿಗಳು ಮುಗಿದಿದ್ದವು. ವಿದ್ಯಾರ್ಥಿಗಳ ಮುಖದಲ್ಲಿ ಅಂಥ ಸಂತೋಷವನ್ನು ನಾನು ಯಾವತ್ತೂ ಕಂಡಿರಲಿಲ್ಲ. ಸಂಜೆ ಸ್ಟೇಷನ್ನಿನಲ್ಲಿ ರುದ್ರಪ್ಪನವರು ಸಿಕ್ಕಿದರು.

“ಬೆಳಿಗ್ಗೆ ನೀವು ಹೋದ ಸ್ಪೀಡ್ ನೋಡಿ ಸಂತೋಷ ಆಯ್ತು ಸಾರ್. ದೇಶ ಮುಂದೆ ಹೋಗ್ತಿದೆ ಅನ್ನಿಸ್ತು.”

ಅನುಭವಕ್ಕಿಂತ ದೊಡ್ಡ ಗುರುವಿಲ್ಲ. ನಾನು ಅಲ್ಲೇ ಪಕ್ಷ ಬದಲಾಯಿಸಿದೆ. ಭದ್ರಾವತಿಯ ನಿಲುಗಡೆಗಾಗಿ ನಾಲ್ಕು ಪುಟದ ಮನವಿ ಬರೆದೆ. ರೋಗಿಗಳು, ವೃದ್ಧರು, ಮಹಿಳೆಯರು ಎಂದು ಪ್ಯಾರಾ ಪ್ಯಾರಾ ವಿಂಗಡಿಸಿ, ಕಣ್ಣಿನ ತೊಂದರೆ ಇರುವವರಿಗೆ ಪ್ರತ್ಯೇಕ ಪ್ಯಾರಾ ಇಟ್ಟೆ. ಓದಿದ ರುದ್ರಪ್ಪನವರು ಆಗಲೇ ಹೋಗಿ ಒಂದು ನಕಲು ತೆಗೆಸಿಟ್ಟುಕೊಂಡರು. ಮೊದಲ ಸಹಿ ಪಾರ್ವತಕ್ಕನದೇ ಆಗಬೇಕೆಂದು ಮುಂದಿನ ಭಾನುವಾರ ಅವರ ಮನೆಗೆ ನಾನೇ ಹೋದೆ.

ತುಂಬಿದ ಮನೆ. ಹಾಸಿಗೆ ಹಿಡಿದ ಅತ್ತೆ, ಇಬ್ಬರು ಗಂಡುಮಕ್ಕಳು, ಕೆಲಸಕ್ಕೆ ಹೋಗುವ ಇಬ್ಬರು ಸೊಸೆಯರು, ನಾಲ್ಕು ಮೊಮ್ಮಕ್ಕಳು. ಪಾರ್ವತಕ್ಕ ರೊಟ್ಟಿ ತಟ್ಟುತ್ತಿದ್ದರು. ಪಕ್ಕದಲ್ಲಿ ತಟ್ಟೆಗಳ ಸಾಲು. ಹಿಟ್ಟಿನ ಕೈ ಒರೆಸಿಕೊಂಡು ಮನವಿಯನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿದರು. ಓದಿ, “ಇಲ್ಲಿ ನಿಲ್ಸಿದ್ರೆ ಹಿಂದಿನ ದಿನ ನಿಮ್ಮನೆಗೆ ಬರೋದು ಬೇಡ್ವಾ?” ಎಂದರು.

“ಬೇಡವೇ ಬೇಡ ಅಕ್ಕ. ಬೆಳಿಗ್ಗೆ ಎದ್ದು ಇಲ್ಲಿಂದಲೇ ಹತ್ತೋದು.”

ಅವರು ಅಡುಗೆಮನೆಯ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. “ಬೆಳಿಗ್ಗೆ ಎದ್ದು ಅಂದ್ರೆ, ಮೂರಕ್ಕೆದ್ದು ಎಲ್ಲರ ಡಬ್ಬಿ ತುಂಬಿಟ್ಟು ಹತ್ಬೇಕು. ಮೇಷ್ಟ್ರೇ, ಈ ಮನೆಗೆ ಬಂದು ನಲವತ್ತು ವರ್ಷ ಆಯ್ತು. ಬೇರೆಯವರು ಮಾಡಿ ಬಡಿಸಿದ್ದನ್ನ ನಾನು ಕೂತು ಉಣ್ಣೋದು ತಿಂಗಳಿಗೊಂದು ರಾತ್ರಿ, ನಿಮ್ಮನೇಲಿ. ನಿಮಗೆ ಕೈ ಮುಗೀತೀನಿ, ಆ ಗಾಡಿ ಇಲ್ಲಿ ನಿಲ್ಲಿಸ್ಬೇಡಿ. ಇದನ್ನ ಯಾರಿಗೂ ಹೇಳ್ಬೇಡಿ.”

ಕಣ್ಣಿಗೆ ಸೂಜಿ ಚುಚ್ಚಿಸಿಕೊಳ್ಳುವುದಕ್ಕೆ ಒಬ್ಬರು ತಿಂಗಳು ತಿಂಗಳು ಕಾಯುತ್ತಿದ್ದಾರೆಂದು ನನಗೆ ಆ ದಿನದವರೆಗೆ ಹೊಳೆದಿರಲಿಲ್ಲ. ಮನವಿಯನ್ನು ಮಡಚಿ ಜೇಬಿಗಿಟ್ಟುಕೊಂಡೆ. ಕೊಟ್ಟ ರೊಟ್ಟಿಯನ್ನು ತಿನ್ನಲು ನಾಚಿಕೆಯಾಯಿತು, ಆದರೂ ಎರಡು ತಿಂದೆ.

ರುದ್ರಪ್ಪನವರಿಗೆ, ಮತ್ತೆ ಯೋಚಿಸಿದ ಮೇಲೆ ವೇಗದ ದೃಷ್ಟಿಯಿಂದ ನಿಲುಗಡೆ ಬೇಡವೆಂದು ತೋರುತ್ತಿದೆ ಎಂದೆ. ಅವರು “ನಿಮಗೆ ಹೆಣ್ಮಕ್ಕಳ ಕಷ್ಟ ಗೊತ್ತಾಗಲ್ಲ ಸಾರ್” ಎಂದು ನಡೆದುಬಿಟ್ಟರು. ನನ್ನದೇ ನಾಲ್ಕು ಪುಟದ ಆ ನಕಲನ್ನು ನನ್ನ ಸಹಿಯಿಲ್ಲದೆ ಕಳಿಸಿದ್ದಾರೆಂದು ಸುದ್ದಿ. ಪುಣ್ಯಕ್ಕೆ ಇನ್ನೂ ಉತ್ತರ ಬಂದಿಲ್ಲ. ಕಚೇರಿಗಳ ನಿಧಾನದ ಬಗ್ಗೆ ಮೊದಲ ಬಾರಿಗೆ ನನಗೆ ಗೌರವ ಮೂಡಿದೆ.

ಯಾರಿಗೂ ಹೇಳಬೇಡಿ ಎಂದದ್ದು ಹೆಂಡತಿಗೆ ಅನ್ವಯಿಸುವುದಿಲ್ಲ ಎಂದುಕೊಂಡು ಸುಮಂಗಳಳಿಗೆ ಹೇಳಿದೆ. ಅವಳ ಕಣ್ಣು ತುಂಬಿತು. ಸೆರಗಿನಿಂದ ಒರೆಸಿಕೊಂಡಳು. ನನ್ನ ಅಂತಃಕರಣದ ಬಗ್ಗೆ ಎರಡು ಒಳ್ಳೆಯ ಮಾತು ಬರುತ್ತದೆಂದು ಕಾದು ಕೂತೆ.

“ಅಕ್ಕನಿಗಾದ್ರೂ ಭದ್ರಾವತೀಲಿ ನಿಲ್ಲದ ಗಾಡಿ ಒಂದಿದೆ” ಎಂದಳು. “ನನಗೆ ಯಾವುದಿದೆ ಹೇಳಿ.”

ಈ ತಿಂಗಳು ಪಾರ್ವತಕ್ಕ ಬಂದ ಸಂಜೆ ಅಕ್ಕತಂಗಿಯರಿಬ್ಬರನ್ನೂ ಕೂರಿಸಿ ಅಡುಗೆಗೆ ನಾನೇ ನಿಂತೆ. ಅನ್ನ, ಸಾರು ಎರಡೇ. ಒಂದೂವರೆ ಗಂಟೆ ತಡವಾಗಿ ತಟ್ಟೆಗೆ ಬಂತು. ಯಾರೂ ಮನವಿ ಸಲ್ಲಿಸಲಿಲ್ಲ.