ಮಗಳು ಕೂರುವಷ್ಟು ಜಾಗ

ಹೊಟ್ಟೆಯನ್ನೇ ಶೋಭೆ ಮಾಡಿಕೊಂಡ ಗಣಪನಿಗೆ ಮೊದಲ ನಮಸ್ಕಾರ. ಗಡಿಗೆಗಟ್ಟಲೆ ಬೆಣ್ಣೆ ತಿಂದೂ ನಡು ಸಣ್ಣಗೇ ಉಳಿಸಿಕೊಂಡ ಕೃಷ್ಣನಿಗೆ ಎರಡನೆಯದು. ಇಬ್ಬರಲ್ಲಿ ಯಾರ ದಾರಿ ಹಿಡಿಯಬೇಕೆಂದು ತಿಳಿಯದೆ ಒದ್ದಾಡಿದ ಭಕ್ತ ನಾನು. ಹ್ಯೂಸ್ಟನ್ನಿಗೆ ಬಂದು ಸಂಸಾರ ಹೂಡಿದಾಗಿನಿಂದ ನಮ್ಮ ಮನೆಯಲ್ಲಿ ಊಟದ ವಿಷಯಕ್ಕೆ ಏನಾದರೊಂದು ನಗೆಪಾಟಲು ನಡೆಯುತ್ತಲೇ ಇರುತ್ತದೆ. ಮಗಳ ಮದುವೆ ಗೊತ್ತಾದ ವರ್ಷ ಅದಕ್ಕೆ ಬಿಡುವೇ ಇರಲಿಲ್ಲ.

ತೊಡೆ ಕಾಣೆಯಾದದ್ದು

ಮಗಳು ಕೆಲಸದಲ್ಲಿದ್ದದ್ದು ಆಸ್ಟಿನ್‌ನಲ್ಲಿ. ದೀಪಾವಳಿಗೆ ಮನೆಗೆ ಬಂದಾಗ ನನ್ನ ಹೆಂಡತಿ ಅವಳಿಗೆ ನಮ್ಮ ಪದ್ಧತಿ ವಿವರಿಸಿದಳು. ನಮ್ಮಲ್ಲಿ ಮಾಂಗಲ್ಯಧಾರಣೆಯ ಹೊತ್ತಿಗೆ ಹುಡುಗಿ ಅಪ್ಪನ ತೊಡೆಯ ಮೇಲೆ ಕೂತಿರಬೇಕು.

"ಓಕೆ, ಪ್ರಾಕ್ಟೀಸ್ ಮಾಡೋಣ" ಎಂದು ಮಗಳು ಬಂದು ಕೂತಳು. ಕೂತವಳು ಮೆಲ್ಲಗೆ ಜಾರಿ ನೆಲಕ್ಕಿಳಿದಳು. ಮತ್ತೆ ಕೂತಳು, ಮತ್ತೆ ಜಾರಿದಳು. ನನ್ನ ಹೊಟ್ಟೆ ಮಂಡಿಯವರೆಗೂ ಬಂದು ಅಲ್ಲಿ ಮೊದಲೇ ಕೂತುಬಿಟ್ಟಿತ್ತು.

"ಅಪ್ಪಾ, ವೇರ್ ಈಸ್ ದ ಲ್ಯಾಪ್?" ಎಂದಳು.

ಹೆಂಡತಿ ನನ್ನ ಪರವಾಗಿ ಸಾಕ್ಷಿ ಹೇಳಿದಳು. "ನಮ್ಮ ಮದುವೇಲಿ ಇತ್ತಮ್ಮ. ನಾನೇ ಕಣ್ಣಾರೆ ನೋಡಿದೀನಿ."

ಹಬ್ಬಕ್ಕೆಂದು ಡಲ್ಲಾಸ್ ಕಡೆಯ ಲೂಯಿಸ್‌ವಿಲ್‌ನಿಂದ ನನ್ನ ಭಾವಮೈದನೂ ಡ್ರೈವ್ ಮಾಡಿಕೊಂಡು ಬಂದಿದ್ದ. ತೆಳ್ಳಗಿನ ಆಳು, ಸೋಫಾದಲ್ಲಿ ಕಾಲ ಮೇಲೆ ಕಾಲು ಹಾಕಿ ಕೂರಬಲ್ಲವನು. "ಚಿಂತೆ ಮಾಡಬೇಡಿ ಭಾವ. ಅಪ್ಪನಿಗೆ ಆಗದಿದ್ದರೆ ಸೋದರಮಾವ ಕೂರಿಸಿಕೊಳ್ಳಬಹುದು. ನನ್ನ ತೊಡೆ ಖಾಲಿಯೇ ಇದೆ" ಎಂದು ತಟ್ಟಿ ತೋರಿಸಿದ.

ಆ ತಟ್ಟಿದ ಸದ್ದು ನನ್ನ ಎದೆಗೆ ಬಿತ್ತು. ಹುಟ್ಟಿದ ಮಗುವನ್ನು ಮೊದಲು ಮಲಗಿಸಿಕೊಂಡ ತೊಡೆ ನನ್ನದು. ಕೊನೆಯ ಸಲಕ್ಕೆ ಅವನದಾಗುವುದೇ? ದೇವರ ಮುಂದೆ ನಿಂತು ಸಂಕಲ್ಪ ಮಾಡಿದೆ: ಈ ಹೊಟ್ಟೆ ಹಿಂದೆ ಸರಿಯಬೇಕು.

ತುಪ್ಪದ ವನವಾಸ

ಕೊಬ್ಬು ಕರಗಬೇಕಾದರೆ ಕೊಬ್ಬು ತಿನ್ನಬಾರದು, ಅಷ್ಟೇ ತಾನೇ ಎಂದುಕೊಂಡೆ. ತುಪ್ಪ ಮನೆ ಬಿಟ್ಟಿತು, ಎಣ್ಣೆ ಅದರ ಹಿಂದೆ ಹೊರಟಿತು. ಹೆಂಡತಿ ನೀರಿನಲ್ಲಿ ಒಗ್ಗರಣೆ ಹಾಕಿದಳು. ಸಾಸಿವೆ ಸಿಡಿಯಲಿಲ್ಲ, ಈಜಿತು. ಅಂಗಡಿಯಿಂದ 'ಫ್ಯಾಟ್ ಫ್ರೀ' ಎಂದು ಬರೆದ ಬಿಸ್ಕತ್ತು, ಮೊಸರು, ಐಸ್‌ಕ್ರೀಮ್ ಎಲ್ಲ ತಂದೆ. ಕೊಬ್ಬಿಲ್ಲದ ಮೇಲೆ ಎಷ್ಟು ತಿಂದರೇನು ಎಂದು ನೆಮ್ಮದಿಯಿಂದ ತಿಂದೆ. ಆದರೂ ಊಟ ಮುಗಿದ ಸ್ವಲ್ಪ ಹೊತ್ತಿಗೇ ಹಸಿವು. ಮತ್ತೊಮ್ಮೆ ಅನ್ನ. ಅನ್ನದಲ್ಲಿ ಕೊಬ್ಬೆಲ್ಲಿದೆ?

ತೂಕ ಏರಿತು. ಯಂತ್ರದಲ್ಲೇ ದೋಷವೆಂದು ಅದನ್ನು ಬಚ್ಚಲಿನಿಂದ ಹಾಲ್‌ಗೆ ತಂದೆ, ಹಾಲ್‌ನಿಂದ ದೇವರ ಕೋಣೆಯ ಬಾಗಿಲಿಗೆ ತಂದೆ, ಕೈಮುಗಿದು ಹತ್ತಿದೆ. ಅಲ್ಲೂ ಅಷ್ಟೇ ತೋರಿಸಿತು.

"ದೇವರ ಮೇಲೆ ಭಾರ ಹಾಕೋದು ಸರಿ" ಎಂದಳು ಹೆಂಡತಿ. "ಆದರೆ ಅವನೇನು ಅದನ್ನ ಕಮ್ಮಿ ಮಾಡಿ ತೋರಿಸ್ತೀನಿ ಅಂದಿದಾನಾ?"

ಡಾಕ್ಟರರ ತೀರ್ಪು

ದೇವಸ್ಥಾನದ ಊಟದ ಹಾಲ್‌ನಲ್ಲಿ ಒಂದು ಭಾನುವಾರ ಎದುರಿಗೆ ಕೂತಿದ್ದವರು ಧಾರವಾಡದ ಕಡೆಯ ಹಿರಿಯ ಡಾಕ್ಟರು, ನಿವೃತ್ತರು. ನನ್ನ ತಟ್ಟೆಯನ್ನು ಬಹಳ ಹೊತ್ತು ನೋಡಿದರು.

"ಏನ್ರೀ ಇದು, ಒಣಾ ಅನ್ನದ ಗುಡ್ಡ?"

"ಮಗಳ ಮದುವೆಗೆ ಹೊಟ್ಟೆ ಇಳಿಸ್ತಿದೀನಿ ಸಾರ್. ಫ್ಯಾಟ್ ಪೂರ್ತಿ ಬಿಟ್ಟಿದೀನಿ."

"ಫ್ಯಾಟ್ ನೀವು ಬಿಟ್ರಿ. ಅನ್ನ ಯಾರು ಬಿಡಬೇಕ್ರೀ, ನಾನಾ?"

ಪಕ್ಕದವರೆಲ್ಲ ನಕ್ಕರು. ಆಮೇಲೆ ಅವರು ದನಿ ತಗ್ಗಿಸಿ ಹೇಳಿದರು. "ನೋಡ್ರಿ, ತುಪ್ಪ ಎಣ್ಣಿಯೊಳಗ ಕ್ಯಾಲೊರಿ ಭಾಳ, ಅದಕ್ಕ ಅಳತಿ ಬೇಕು. ಆದ್ರ ಪೂರಾ ಬಿಟ್ರ ಕೆಲವು ವಿಟಮಿನ್ ಮೈಗೆ ಹತ್ತಂಗಿಲ್ಲ, ಹಸಿವೂ ಸುಮ್ನ ಕೂಡಂಗಿಲ್ಲ. ಒಂದು ಸಣ್ಣ ಚಮಚ ತುಪ್ಪ ಹಾಕ್ಕೋರಿ. ಅನ್ನ ಅರ್ಧಾ ಮಾಡ್ರಿ. ಬ್ಯಾಳಿ, ಪಲ್ಯಾ ಹೆಚ್ಚು ಮಾಡ್ರಿ. ದಿನಾ ನಡೀರಿ."

ಸಣ್ಣ ಚಮಚ ಎಂದರೆ ಎಷ್ಟು ಸಣ್ಣದು? ನನ್ನ ಕೈಗೆ ಸಿಕ್ಕ ಚಮಚವೆಲ್ಲ ಸೌಟಾಗುತ್ತದೆಂದು ಹೆಂಡತಿಗೆ ಗೊತ್ತು. ತೀರ್ಥ ಕೊಡುವ ಪುಟ್ಟ ಬೆಳ್ಳಿ ಉದ್ಧರಣೆ ಹೊಸದೊಂದು ಮನೆಯಲ್ಲಿತ್ತು, ಅದನ್ನೇ ತುಪ್ಪದ ಬಟ್ಟಲಲ್ಲಿಟ್ಟಳು. ಆ ದಿನ ಅನ್ನದ ಮೇಲೆ ಬಿದ್ದ ತುಪ್ಪದ ಪರಿಮಳಕ್ಕೆ ನನಗೆ ಕಣ್ಣು ತುಂಬಿತು. ಆದರೂ ಶಾಸ್ತ್ರ ಬಿಡಲಾದೀತೇ?

"ತೀರ್ಥ ಮೂರು ಸಲ ಕೊಡಬೇಕು" ಎಂದೆ.

"ಮೂರು ಹೊತ್ತಿಗೆ ಒಂದೊಂದು. ಒಂದೇ ಸಲ ಮೂರಾದರೆ ಅದು ತೀರ್ಥ ಅಲ್ಲ, ಅಭಿಷೇಕ."

ದೀಪದ ಕಾಫಿ

ಹ್ಯೂಸ್ಟನ್ನಿನ ಎಣ್ಣೆ ಕಂಪನಿಗಳೆಲ್ಲ ಸೇರಿರುವ ಎನರ್ಜಿ ಕಾರಿಡಾರಿನ ನಮ್ಮ ಆಫೀಸಿನ ಸುತ್ತ ದಿನಾ ನಡೆದೆ, ಹರಿನಾಮ ಹೇಳಿಕೊಂಡು. ಹಸಿವು ಹದಕ್ಕೆ ಬಂತು, ಪ್ಯಾಂಟು ಸಡಿಲವಾಯಿತು. ಅಷ್ಟರಲ್ಲಿ ಮದುವೆಯ ಕರೆಯೋಲೆ ಕೊಡಲು ಲೂಯಿಸ್‌ವಿಲ್‌ಗೆ ಹೋದೆವು.

ಭಾವಮೈದ ಆಗ ಬೇರೆಯೇ ಮತಕ್ಕೆ ಸೇರಿದ್ದ. ಕಾಫಿಗೆ ದೊಡ್ಡ ಉಂಡೆ ಬೆಣ್ಣೆ, ಮೇಲೆ ತೆಂಗಿನೆಣ್ಣೆ. "ಫ್ಯಾಟ್ ತಿಂದರೇ ಫ್ಯಾಟ್ ಕರಗೋದು ಭಾವ. ಈಗೆಲ್ಲ ಇದೇ ನಡೀತಿದೆ" ಎಂದ. ಕಾಫಿಯ ಜೊತೆಗೆ ತಟ್ಟೆ ತುಂಬ ಚಕ್ಕುಲಿಯೂ ಕರಗುತ್ತಿತ್ತು. ಅವನು ಈಗ ಕಾಲ ಮೇಲೆ ಕಾಲು ಹಾಕುತ್ತಿರಲಿಲ್ಲ ಎಂಬುದನ್ನು ನಾನು ಗಮನಿಸಿದೆ. ನಾನು ಹಾಕಿದೆ.

ನನ್ನ ಹೆಂಡತಿ ಅವನ ಲೋಟದಲ್ಲಿ ಮಿನುಗುವ ಎಣ್ಣೆಯನ್ನೇ ನೋಡುತ್ತಿದ್ದಳು. "ಸಂಜೆ ಆಯ್ತಲ್ಲೋ" ಎಂದಳು ತಮ್ಮನಿಗೆ. "ಬತ್ತಿ ಕೊಡ್ಲಾ, ಹಚ್ಚಿಬಿಡು."

ಆಸ್ಟಿನ್‌ನಲ್ಲಿ ಮುಹೂರ್ತ

ಮದುವೆಯ ಬೆಳಿಗ್ಗೆ ಹೆಂಡತಿ ನನ್ನ ಪಂಚೆಗೆ ಹೊಸ ಬೆಲ್ಟು ತಂದಳು. ನಾನು ಬೇಡವೆಂದೆ. ಹಳೆಯ ಬೆಲ್ಟೇ ಇರಲಿ, ಎಷ್ಟು ಸಡಿಲವಾಗಿದೆ ಎಂದು ನಾಲ್ಕು ಜನ ನೋಡಲಿ.

ಪುರೋಹಿತರು ನನ್ನನ್ನು ಅಕ್ಕಿಯ ಮೂಟೆಯ ಮೇಲೆ ಕೂರಲು ಹೇಳಿದರು. ಇಷ್ಟು ದಿನ ದೂರವಿಟ್ಟ ಅಕ್ಕಿ ಕೊನೆಗೂ ನನ್ನ ಕೆಳಗೆ ಬಂತು. ಮಗಳು ಬಂದು ತೊಡೆಯ ಮೇಲೆ ಕೂತಳು. ಜಾರಲಿಲ್ಲ. ತಲೆ ಹಿಂದಕ್ಕೆ ವಾಲಿಸಿ ಕಿವಿಯಲ್ಲಿ "ಅಪ್ಪಾ, ಐ ಫೌಂಡ್ ಇಟ್" ಎಂದಳು. ಆ ಕ್ಷಣ ನನ್ನಷ್ಟು ಹೆಮ್ಮೆಯ ಮನುಷ್ಯ ಇಡೀ ಟೆಕ್ಸಸ್‌ನಲ್ಲಿ ಇರಲಿಲ್ಲ.

ಗಟ್ಟಿಮೇಳವಾಯಿತು, ಗಂಟು ಬಿತ್ತು. "ಇನ್ನು ಏಳಮ್ಮ" ಎಂದರು ಪುರೋಹಿತರು. ಆಗ ಹೊಟ್ಟೆಯ ಮೇಲೆ ತಣ್ಣಗೆ ಗಾಳಿ ಸುಳಿಯಿತು. ಬೆಲ್ಟು ಬಿಚ್ಚಿಕೊಂಡಿತ್ತು. ಪಂಚೆಯನ್ನು ಹಿಡಿದಿದ್ದದ್ದು ಮಗಳ ಭಾರವೊಂದೇ.

"ಏಳಬೇಡ ಕಂದಾ" ಎಂದೆ.

"ಏಳಬೇಕು ಯಜಮಾನರೇ" ಎಂದರು ಪುರೋಹಿತರು.

"ಇನ್ನೊಂದು ನಿಮಿಷ ಇರಲಿ ಸ್ವಾಮಿ."

ಹೆಂಗಸರು ಸೆರಗು ಕಣ್ಣಿಗೊತ್ತಿಕೊಂಡರು. ಧಾರವಾಡದ ಡಾಕ್ಟರು ಕನ್ನಡಕ ತೆಗೆದು "ಎಂಥಾ ತಂದಿ ಕರುಳ್ರೀ" ಎಂದದ್ದು ನನಗೂ ಕೇಳಿಸಿತು. ನಾನು ಭಾವಮೈದನಿಗೆ ಕಣ್ಣಲ್ಲೇ ಸನ್ನೆ ಮಾಡಿದೆ. ಪಾಪ, ಅವನು ತಕ್ಷಣ ತಿಳಿದುಕೊಂಡ. ಆಶೀರ್ವಾದಕ್ಕೆ ಬಂದವನಂತೆ ಹಿಂದೆ ಬಂದು ನಿಂತು, ನನ್ನ ಪಂಚೆಯನ್ನು ಸೊಂಟದ ಬಳಿ ಮುಷ್ಟಿ ತುಂಬ ಹಿಡಿದು, ಕಿವಿಯಲ್ಲಿ ಹೇಳಿದ: "ಆಯ್ತು ಭಾವ. ತೊಡೆ ನಿಮ್ಮದು, ಪಂಚೆ ನನ್ನದು. ಏಳಿ."

ಮಗಳು ಎದ್ದಳು. ಫೋಟೋದಲ್ಲಿ ನಾನು ಅಳುತ್ತಿದ್ದೇನೆ, ಅವನು ನನಗೆ ಧೈರ್ಯ ಹೇಳುತ್ತಿರುವಂತಿದೆ. ಅಳು ಬಂದದ್ದು ಪಂಚೆಗಾಗಿ ಎಂದು ಹೆಂಡತಿ ಇವತ್ತಿಗೂ ನಗುತ್ತಾಳೆ. ಪಂಚೆ ಭದ್ರವಾದ ಮೇಲೂ ಅಳು ನಿಲ್ಲಲಿಲ್ಲ ಎಂಬುದು ದೇವರಿಗೂ ಭಾವಮೈದನಿಗೂ ಮಾತ್ರ ಗೊತ್ತು.

ಕೂತು ಕೇಳಿದ ನಿಮಗೆಲ್ಲ ಆ ಇಬ್ಬರು ದೇವರೂ ಒಳ್ಳೆಯದು ಮಾಡಲಿ. ನಿಮ್ಮ ಅನ್ನದ ಮೇಲೆ ಒಂದು ಉದ್ಧರಣೆ ತುಪ್ಪ ತಪ್ಪದಿರಲಿ, ತೊಡೆಯ ಮೇಲೆ ಮಕ್ಕಳು ಕೂರುವಷ್ಟು ಜಾಗ ಸದಾ ಇರಲಿ, ಬೆಲ್ಟು ಮಾತ್ರ ಹೊಸದಿರಲಿ.